ದಶಮಾಂಶ ಮೊದಲೋ, ಸಂಬಳ ಮೊದಲೋ?

ಪ್ರಶ್ನೆ: ಅಕ್ಕ, ವಂದನೆಗಳು. ಬೊಮ್ಮನಹಳ್ಳಿ ಕಡೆ ನಮ್ದೊಂದು ಸಣ್ಣ ಗಾರ್ಮೆಂಟ್ಸ್ ಯೂನಿಟ್ ಇದೆ, ಜಾಬ್ ವರ್ಕ್ ಮಾಡ್ತೀವಿ, ಟೈಲರ್‌ಗಳು ಹೆಲ್ಪರ್‌ಗಳು ಸೇರಿ 14 ಜನ. ದುಡ್ಡು ಬಂದ ತಕ್ಷಣ ಮೊದಲು ದಶಮಾಂಶ, ಅಂದ್ರೆ ದೇವರಿಗೆ ಅಂತ ಹತ್ತರಲ್ಲೊಂದು ಪಾಲು ಎತ್ತಿಟ್ಟು ಚರ್ಚಿಗೆ ಕೊಡ್ತೀನಿ, ಇವತ್ತಿನವರೆಗೂ ತಪ್ಪಿಸಿಲ್ಲ. ಆದ್ರೆ ನಮಗೆ ಆರ್ಡರ್ ಕೊಡೋ ಕಂಪನಿಯವರು ಪೇಮೆಂಟ್ ಮೂರು ತಿಂಗಳು ಎಳೀತಾರೆ, ಹಂಗಾಗಿ ಸಂಬಳ 20ನೇ ತಾರೀಕು, ಒಂದೊಂದ್ಸಲ 25ಕ್ಕೆ ಹೋಗುತ್ತೆ. ಇದು ಸರಿಯಿಲ್ಲ ಅಂತಾಳೆ ನನ್ನ ಹೆಂಡ್ತಿ. ಪ್ರಥಮ ಫಲ ದೇವರದು ತಾನೇ ಅಕ್ಕ?
- ಹೆಸರು ಬೇಡ, ಬೊಮ್ಮನಹಳ್ಳಿ

ಉತ್ತರ: ನಿಮ್ಮ ಹೆಂಡ್ತಿ ಹೇಳಿದ್ದೇ ಸರಿ ತಮ್ಮಾ. ಕೊಡೋ ಮನಸ್ಸು ನಿಮಗಿದೆ, ಅದು ದೊಡ್ಡದು, ಆದ್ರೆ ಲೆಕ್ಕ ಶುರು ಮಾಡೋ ಜಾಗ ತಪ್ಪಾಗಿದೆ. ಅಕೌಂಟಿಗೆ ಬಿದ್ದಿದ್ದೆಲ್ಲಾ ನಿಮ್ದು ಅಂದ್ಕೊಂಡು ಅದ್ರಲ್ಲಿ ಹತ್ತರಲ್ಲೊಂದು ತೆಗೀತಿದೀರ. ಹೋದ ತಿಂಗಳು ಆ ಹೆಣ್ಮಕ್ಕಳು ಮಿಷಿನ್ ಮುಂದೆ ಕೂತು ಹೊಲಿದಾಗ್ಲೇ ಅದ್ರಲ್ಲಿ ಒಂದು ಪಾಲು ಅವರದಾಗೋಯ್ತು, ಸದ್ಯಕ್ಕೆ ನಿಮ್ಮ ಅಕೌಂಟಲ್ಲಿ ಇದೆ ಅಷ್ಟೇ. ಅವರ ದುಡ್ಡಲ್ಲಿ ನೀವು ಕಾಣಿಕೆ ಕೊಡೋಕೆ ಆಗಲ್ಲ.

ಬೈಬಲಿನ ಧರ್ಮೋಪದೇಶಕಾಂಡ 24ನೇ ಅಧ್ಯಾಯ ತೆಗೆದು ಓದಿ. ಕೂಲಿಯವನ ಕೂಲಿ ಅವತ್ತೇ, ಹೊತ್ತು ಮುಳುಗೋದ್ರೊಳಗೆ ಕೊಡ್ಬೇಕು ಅಂತಿದೆ, ಯಾಕೆ ಅಂತಾನೂ ಅಲ್ಲೇ ಇದೆ, ಅವನು ಬಡವ, ಅದನ್ನೇ ನೆಚ್ಕೊಂಡಿರೋನು, ಅವನು ದೇವರಿಗೆ ಮೊರೆ ಇಟ್ರೆ ಪಾಪ ನಿಮ್ಮ ಮೇಲೆ ಬರುತ್ತೆ ಅಂತ. ಯಾಕೋಬನ ಪತ್ರಿಕೆ 5ರಲ್ಲಂತೂ ತಡೆಹಿಡಿದ ಕೂಲಿಯೇ ಕೂಗ್ತಿದೆ ಅಂತ ಬರೆದಿದೆ. ಇನ್ನು ದಶಮಾಂಶದ ವಿಷಯಕ್ಕೆ ಬಂದ್ರೆ ಯೇಸು ಮತ್ತಾಯ 23ರಲ್ಲಿ ಬೈಯೋದು ಪುದೀನ, ಸಬ್ಬಸಿಗೆ, ಜೀರಿಗೆಯಲ್ಲೂ ಹತ್ತರಲ್ಲೊಂದು ಲೆಕ್ಕ ಹಾಕಿ ಕೊಟ್ಟು ನ್ಯಾಯ, ಕರುಣೆ, ನಂಬಿಕೆ ಬಿಟ್ಟವರಿಗೆ. ದಶಮಾಂಶ ಕೊಡ್ಬೇಡಿ ಅಂತ ಅಲ್ಲಿ ಹೇಳಿಲ್ಲ, ಅದನ್ನೂ ಮಾಡ್ಬೇಕು ಇದನ್ನೂ ಬಿಡಬಾರದು ಅಂತಾನೇ ಇರೋದು. ಮಾರ್ಕ 7ರಲ್ಲಿ ಕೊರ್ಬಾನ್ ವಿಷಯನೂ ಇದೇ ಥರ, ದೇವರಿಗೆ ಮೀಸಲು ಅಂತ ಹೇಳಿ ಅಪ್ಪ ಅಮ್ಮನಿಗೆ ಕೊಡಬೇಕಾದ್ದನ್ನ ಕೊಡದೇ ಇರೋದು.

20ನೇ ತಾರೀಕು ಸಂಬಳ ಅಂದ್ರೆ ಅವರ ಮನೇಲಿ ಏನಾಗುತ್ತೆ ಯೋಚನೆ ಮಾಡಿ. ಬಾಡಿಗೆ 5ಕ್ಕೆ ಕೊಡ್ಬೇಕು, ಚೀಟಿ ದುಡ್ಡು ಕಟ್ಬೇಕು, ಅಂಗಡಿ ಸಾಲ, ಸ್ಕೂಲ್ ಫೀಸು, ಕೊನೆಗೆ ಮೀಟರ್ ಬಡ್ಡಿಯವನ ಹತ್ರ ಹೋಗ್ತಾರೆ. ಕಂಪನಿ ಮಾಡಿದ ತಡಕ್ಕೆ ಬಡ್ಡಿ ಕಟ್ತಿರೋದು ನೀವಲ್ಲ, ನಿಮ್ಮ ಟೈಲರ್‌ಗಳು. ಕಾನೂನಲ್ಲೂ ತಿಂಗಳ ಸಂಬಳ ಮುಂದಿನ ತಿಂಗಳ 7ರೊಳಗೆ ಕೊಡ್ಬೇಕು ಅಂತಿದೆ. 14 ಜನ ಅಂದ್ರಲ್ಲ, 10 ಜನ ಅಥವಾ ಅದಕ್ಕಿಂತ ಜಾಸ್ತಿ ಇದ್ರೆ ಕಾರ್ಮಿಕರ ಆರೋಗ್ಯ ವಿಮೆ ಇಎಸ್‌ಐ ಬರುತ್ತೆ, 21,000ದವರೆಗೆ ಸಂಬಳ ಇರೋರಿಗೆ ನಿಮ್ಮ ಕಡೆಯಿಂದ ಶೇ. 3.25, ಅವರಿಂದ ಶೇ. 0.75. ಕಟ್ತಿಲ್ಲ ಅಂದ್ರೆ ಈ ತಿಂಗಳೇ ಶುರು ಮಾಡಿ, ಯಾರಿಗಾದ್ರೂ ಹೆರಿಗೆ, ಆಪರೇಷನ್ ಅಂತ ಬಂದಾಗ ಅದೊಂದೇ ಆಧಾರ.

ಈಗ ಆ ಕಂಪನಿ ವಿಷಯ. ಕ್ರೈಸ್ತರು ಅಂದ್ರೆ ಸುಮ್ನೆ ತಡ್ಕೊಂಡು ಇರ್ಬೇಕು ಅಂತ ತುಂಬಾ ಜನ ಅಂದ್ಕೊಂಡಿದಾರೆ, ನಾನು ಒಪ್ಪಲ್ಲ, ನಿಮ್ಮ ಹಿಂದೆ 14 ಮನೆ ಇದೆ. ಸಣ್ಣ ಉದ್ಯಮಗಳಿಗೆ ಸರ್ಕಾರದ ಉದ್ಯಮ್ ರಿಜಿಸ್ಟ್ರೇಷನ್ ಇದೆ, ಆಗಿಲ್ಲ ಅಂದ್ರೆ ಮಾಡಿಸ್ಕೊಳ್ಳಿ, ಆನ್‌ಲೈನಲ್ಲಿ ಫ್ರೀ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ರೈಟಿಂಗಲ್ಲಿ ಅಗ್ರಿಮೆಂಟ್ ಇದ್ರೂ 45 ದಿನಕ್ಕಿಂತ ಜಾಸ್ತಿ ಎಳೆಯೋ ಹಾಗಿಲ್ಲ, ಅಗ್ರಿಮೆಂಟ್ ಇಲ್ದಿದ್ರೆ 15 ದಿನ. ದಾಟಿದ್ರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ರೇಟಿನ ಮೂರು ಪಟ್ಟು ಚಕ್ರಬಡ್ಡಿ ಕೊಡ್ಬೇಕು. ಇದನ್ನೆಲ್ಲಾ ಬರೆದು ಒಂದು ಮರ್ಯಾದೆಯ ಲೆಟರ್ ಕಳಿಸಿ, ಎಷ್ಟೋ ಸಲ ಅಷ್ಟಕ್ಕೇ ಬಿಲ್ ಪಾಸ್ ಆಗುತ್ತೆ. ಆಮೇಲೂ ಕೊಡ್ಲಿಲ್ಲ ಅಂದ್ರೆ ದೂರು ಕೊಡೋಕೆ ಸರ್ಕಾರದ ಆನ್‌ಲೈನ್ ಪೋರ್ಟಲ್ ಇದೆ.

ಅಲ್ಲಿವರೆಗೂ ಹೀಗೆ ಮಾಡಿ. ಬಂದ ದುಡ್ಡಲ್ಲಿ ಮೊದಲು ಸಂಬಳ, ಇಎಸ್‌ಐ, ಆಮೇಲೆ ನೂಲು ಬಾಡಿಗೆ ಕರೆಂಟು, ಉಳಿದಿದ್ದು ನಿಮ್ದು, ದಶಮಾಂಶ ಅದ್ರಲ್ಲಿ. ಒಂದು ತಿಂಗಳು ಏನೂ ಉಳೀಲಿಲ್ಲ ಅಂದ್ರೆ ಪಾಸ್ಟರ್ ಹತ್ರ ಇದ್ದಿದ್ದು ಇದ್ದಂಗೆ ಹೇಳಿ, ಅರ್ಥ ಮಾಡ್ಕೊಳ್ತಾರೆ.

ಪ್ರಶ್ನೆ: ಲಿಂಗರಾಜಪುರದಲ್ಲಿ ಹೊಸದಾಗಿ ಬೇಕರಿ ಇಡ್ತಿದೀವಿ. ಬೋರ್ಡಲ್ಲಿ ಒಂದು ಬೈಬಲ್ ವಚನ ಬರೆಸಿದ್ರೆ ನಮ್ಮ ನಂಬಿಕೆಗೆ ಸಾಕ್ಷಿಯಾಗುತ್ತಾ? ಇನ್ನೊಂದು, ಸ್ವೀಟ್ಸು, ಪ್ಲಮ್ ಕೇಕು ಬಾಕ್ಸ್ ಸಮೇತ ತೂಗೋದು ಎಲ್ಲಾ ಕಡೆ ಇದೆ, ನಾವೂ ಹಂಗೇ ಮಾಡ್ಬಹುದಾ?
- ಒಬ್ಬ ಸಹೋದರಿ

ಉತ್ತರ: ಬಾಕ್ಸ್ ಸಮೇತ ತೂಗ್ಬೇಡಿ. ಅದು ತೂಕ ಮತ್ತು ಅಳತೆ ಇಲಾಖೆಯ ರೂಲ್ಸಿಗೂ ವಿರುದ್ಧ, ಜ್ಞಾನೋಕ್ತಿ 11ರ ಮೊದಲನೇ ವಚನಕ್ಕೂ ವಿರುದ್ಧ, ಮೋಸದ ತ್ರಾಸು ದೇವರಿಗೆ ಅಸಹ್ಯ ಅಂತ. ಖಾಲಿ ಬಾಕ್ಸ್ ಇಟ್ಟು ಸೊನ್ನೆ ಮಾಡ್ಕೊಂಡು ಆಮೇಲೆ ಕೇಕ್ ಇಡಿ, ಕಸ್ಟಮರ್‌ಗೆ ಕಾಣೋ ಹಾಗೆ. ಅದ್ರಿಂದ ಹೋಗೋ ದುಡ್ಡನ್ನ ರೇಟಲ್ಲೇ ಸೇರಿಸಿ, ಬಾಯ್ಬಿಟ್ಟು ಹೇಳಿ. ಬೋರ್ಡಿನ ವಚನ ನಿಮ್ಮಿಷ್ಟ, ನನ್ನ ಕೇಳಿದ್ರೆ ಒಂದು ವರ್ಷ ಆಗ್ಲಿ ಅಂತೀನಿ. ಸ್ವಿಸ್ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ರು, ಮತಾಂತರ ಆಗಿ ಕುಲಕಸುಬು ಕಳ್ಕೊಂಡವರಿಗೆ ಕೆಲಸ ಬೇಕಿತ್ತು ಅಂತ. ಆ ಹೆಂಚು ಎಲ್ಲಾ ಜಾತಿ ಧರ್ಮದವರ ಮನೆ ಮೇಲೂ ಕೂತಿದ್ದು ಮಳೆಗೆ ಸೋರ್ತಿರಲಿಲ್ಲ ಅಂತ, ಮಿಷನ್ ಹೆಸರು ನೋಡಿ ಅಲ್ಲ.

ಪ್ರಶ್ನೆ: ಪೀಣ್ಯದಲ್ಲಿ ಲೇತ್ ಮಿಷಿನ್ ವರ್ಕ್‌ಶಾಪ್ ಇದೆ. ನಾನು ಕ್ರೈಸ್ತ ವಿಶ್ವಾಸಿ, ಹುಡುಗರೆಲ್ಲಾ ಹಿಂದೂ, ಇಬ್ಬರು ಮುಸ್ಲಿಮರು. ಬೆಳಿಗ್ಗೆ ಎಲ್ಲರನ್ನೂ ಸೇರಿಸಿ ಐದು ನಿಮಿಷ ಪ್ರಾರ್ಥನೆ ಮಾಡ್ತೀನಿ. ಈ ಸಲ ಹುಡುಗರು ಆಯುಧ ಪೂಜೆ ಮಾಡ್ತೀವಿ ಅಂತಿದಾರೆ. ಬೇಡ ಅನ್ನೋಕೆ ಕಷ್ಟ, ಹೂಂ ಅನ್ನೋಕೂ ಕಷ್ಟ.
- ಪೀಣ್ಯ ಓದುಗ

ಉತ್ತರ: ಮೊದಲು ನಿಮ್ಮ ಪ್ರಾರ್ಥನೆ ವಿಷಯ ಸರಿ ಮಾಡೋಣ. ಸಂಬಳ ಕೊಡೋ ಕೈ ಕರೆದಾಗ ಯಾರೂ ಬರಲ್ಲ ಅನ್ನೋಕೆ ಆಗಲ್ಲ, ಅವರು ನಿಂತ್ಕೊಳ್ಳೋದು ಭಕ್ತಿಯಿಂದ ಅಲ್ಲ, ಹೆದರಿಕೆಯಿಂದ. ಯಾರನ್ನೂ ಬಲವಂತವಾಗಿ ನಿಲ್ಲಿಸಿ ಮಾಡಿದ ಪ್ರಾರ್ಥನೆ ಯೇಸುವಿನ ದಾರಿ ಅಂತ ನನಗೆ ಅನ್ಸಲ್ಲ. ಕೆಲಸ ಶುರುವಾಗೋಕೆ ಮುಂಚೆ ನಿಮ್ಮ ರೂಮಲ್ಲಿ ಅವರ ಹೆಸರು ಹೇಳಿ ಒಬ್ಬರೇ ಪ್ರಾರ್ಥಿಸಿ, ಮತ್ತಾಯ 6ರಲ್ಲೂ ಬಾಗಿಲು ಮುಚ್ಕೊಂಡು ಮಾಡು ಅಂತಾನೇ ಇದೆ.

ಆಯುಧ ಪೂಜೆಗೆ ಬಿಟ್ಬಿಡಿ, ಮಾಡ್ಲಿ. ಆ ಮಿಷಿನ್‌ನಿಂದ ಅವರ ಹೊಟ್ಟೆ ತುಂಬುತ್ತೆ, ಬೆರಳು ಹೋಗೋ ಅಪಾಯನೂ ಅದರಲ್ಲೇ ಇದೆ, ವರ್ಷಕ್ಕೊಂದ್ಸಲ ತೊಳೆದು ಹೂವು ಹಾಕ್ತಾರೆ. ನೀವು ಆರತಿ ತಗೋಬೇಕಾಗಿಲ್ಲ, ನನ್ನ ನಂಬಿಕೆ ಬೇರೆ ಕಣ್ರೋ ಅಂತ ನೇರವಾಗಿ ಹೇಳಿ, ಅವರಿಗೆ ಬೇಜಾರಾಗಲ್ಲ. ವಿಗ್ರಹಕ್ಕೆ ಇಟ್ಟದ್ದರ ಬಗ್ಗೆ ಪೌಲ ಕೊರಿಂಥದವರಿಗೆ ಬರೆದ ಮೊದಲನೇ ಪತ್ರಿಕೆಯ 8, 10ನೇ ಅಧ್ಯಾಯ ಓದ್ಕೊಳ್ಳಿ, ನಿಮ್ಮ ಮನಸ್ಸಾಕ್ಷಿ ಎಲ್ಲಿ ನಿಲ್ಲುತ್ತೆ ಅಂತ ಗೊತ್ತಾಗುತ್ತೆ. ರಂಜಾನ್‌ಗೆ ಆ ಇಬ್ಬರನ್ನ ಸಂಜೆ ಬೇಗ ಬಿಡಿ. ಬೂದುಗುಂಬಳಕಾಯಿ ಮಾತ್ರ ರೋಡ್ ಮಧ್ಯ ಒಡೆಯೋದು ಬೇಡ ಅನ್ನಿ, ಬೈಕಿನವರು ಜಾರಿ ಬೀಳ್ತಾರೆ. ಬೋನಸ್ ಕೊಡೋದಿದ್ರೆ ಹಬ್ಬಕ್ಕೆ ಒಂದು ವಾರ ಮುಂಚೇನೇ ಕೊಟ್ಬಿಡಿ, ಊರಿಗೆ ಹೋಗೋರು ಮಕ್ಕಳಿಗೆ ಬಟ್ಟೆ ತಗೋಬೇಕು.