ಓದುಗರ ಪ್ರಶ್ನೆ: ಮೊದಲು ಸೇನೆ, ಆಮೇಲೆ ಐಎಎಸ್, ಕೊನೆಗೆ ಬಿಸಿನೆಸ್, ಆಗುತ್ತಾ?

ಪ್ರಶ್ನೆ: ನನಗೆ 23 ವರ್ಷ, ಡಿಗ್ರಿ ಮುಗಿದಿದೆ. ಸೇನೆಯಲ್ಲಿ ಅಧಿಕಾರಿ ಆಗಬೇಕು, ಆಮೇಲೆ ಐಎಎಸ್, ಕೊನೆಗೆ ಸ್ವಂತ ಕಂಪನಿ ಅಂತ ಆಸೆ. ಎರಡು ದೋಣಿಯಲ್ಲಿ ಕಾಲಿಟ್ಟವರೇ ಮುಳುಗುತ್ತಾರೆ, ನಿನಗೆ ಮೂರು ಬೇರೆ ಬೇಕಾ ಅಂತ ಮನೆಯಲ್ಲಿ ಬೈಯುತ್ತಾರೆ. ನಿಜವಾಗಿ ಸಾಧ್ಯವಾ?

ಉತ್ತರ: ಸಾಧ್ಯ. ನೀವು ಹೇಳಿದ ಕ್ರಮವೂ ಸರಿಯಾಗಿದೆ, ಯಾಕೆಂದರೆ ಈ ಮೂರರಲ್ಲಿ ವಯಸ್ಸಿನ ಬಾಗಿಲು ಮೊದಲು ಮುಚ್ಚುವುದು ಸೇನೆಯದ್ದೇ. ಸೇನಾಧಿಕಾರಿ ಆಯ್ಕೆಯ ಸಿಡಿಎಸ್ ಪರೀಕ್ಷೆ ಬರೆದು ಚೆನ್ನೈನ ಅಧಿಕಾರಿಗಳ ತರಬೇತಿ ಅಕಾಡೆಮಿಗೆ (ಒಟಿಎ) ಹೋಗುವ ಅವಕಾಶ 25ರ ಆಸುಪಾಸಿಗೆ ಮುಗಿಯುತ್ತದೆ. ಬಿಸಿನೆಸ್ 40ಕ್ಕೂ ಶುರು ಮಾಡಬಹುದು.

ಆದರೆ ಲೆಕ್ಕ ಈಗಲೇ ಹಾಕಿಕೊಳ್ಳಿ. ಒಟಿಎಯಿಂದ ಸಿಗುವುದು ಶಾರ್ಟ್ ಸರ್ವಿಸ್ ಕಮಿಷನ್, ಅಂದರೆ ಸೀಮಿತ ಅವಧಿಯ ಅಧಿಕಾರಿ ಹುದ್ದೆ: 10 ವರ್ಷ, ಇಷ್ಟವಿದ್ದರೆ ಇನ್ನೂ 4. 25ಕ್ಕೆ ಹೆಗಲಿಗೆ ನಕ್ಷತ್ರ ಬಂದರೆ ಹೊರಗೆ ಬರುವಾಗ 35. ಸಿವಿಲ್ ಸರ್ವಿಸಸ್ ಪರೀಕ್ಷೆಗೆ ಸಾಮಾನ್ಯ ವರ್ಗದ ಮಿತಿ 32, ಕನಿಷ್ಠ 5 ವರ್ಷ ಸೇವೆ ಮಾಡಿ ಅವಧಿ ಮುಗಿಸಿ ಬಿಡುಗಡೆಯಾದ ಅಧಿಕಾರಿಗೆ ಇನ್ನೂ 5 ವರ್ಷ ಸಡಿಲಿಕೆ, ಒಟ್ಟು 37. ಅಂದರೆ ಕೈಯಲ್ಲಿ ಉಳಿಯುವುದು ಎರಡೋ ಮೂರೋ ಅವಕಾಶ ಅಷ್ಟೆ. ಮಧ್ಯದಲ್ಲಿ ಬೇಜಾರಾಗಿ ರಾಜೀನಾಮೆ ಕೊಟ್ಟು ಬಂದರೆ ಆ ಸಡಿಲಿಕೆಯ ಮೇಲೆ ಭರವಸೆ ಇಡಬೇಡಿ. ಹೆಚ್ಚುವರಿ 4 ವರ್ಷಕ್ಕೆ ಹೂಂ ಅಂದರೆ ಐಎಎಸ್ ಕನಸನ್ನು ಅಲ್ಲೇ ಬಿಟ್ಟ ಹಾಗೆ. ಮಾಜಿ ಸೈನಿಕರಿಗೆ ಐಎಎಸ್‌ನಲ್ಲಿ ಮೀಸಲು ಸೀಟು ಇದೆ ಅಂತ ತುಂಬಾ ಜನ ನಂಬಿದ್ದಾರೆ. ಇಲ್ಲ. ವಯಸ್ಸಿನ ಸಡಿಲಿಕೆ ಮಾತ್ರ.

ಇನ್ನೊಂದು ವಿಷಯ, ಇದನ್ನು ಮನೆಯವರಿಗೂ ಹೇಳಿ. ಅಧಿಕಾರಿಗೆ ಪಿಂಚಣಿ ಸಿಗಲು ಸಾಮಾನ್ಯವಾಗಿ 20 ವರ್ಷ ಸೇವೆ ಬೇಕು. 10 ವರ್ಷಕ್ಕೆ ಹೊರಬಂದವರಿಗೆ ಒಂದೇ ಸಲ ಸಿಗುವ ಗ್ರಾಚ್ಯುಟಿ ಹಣ ಇದೆ, ತಿಂಗಳ ಪಿಂಚಣಿ ಇಲ್ಲ. ಹಾಗಾಗಿ ಸೇವೆಯಲ್ಲಿದ್ದಾಗಲೇ ಹಣ ಉಳಿಸಿ. ಹೊರಬರುವ ಅಧಿಕಾರಿಗಳಿಗೆ ಐಐಎಂಗಳಲ್ಲಿ ಆರು ತಿಂಗಳ ಮ್ಯಾನೇಜ್‌ಮೆಂಟ್ ಕೋರ್ಸ್‌ಗಳಿವೆ, ರಕ್ಷಣಾ ಇಲಾಖೆಯ ಪುನರ್ವಸತಿ ಮಹಾನಿರ್ದೇಶನಾಲಯ ನಡೆಸುತ್ತದೆ. ಐಎಎಸ್ ಆಗದಿದ್ದರೆ ನೇರ ಬಿಸಿನೆಸ್‌ಗೆ ಹೋಗಲು ಅದೇ ಒಳ್ಳೆಯ ದಾರಿ. ನಮ್ಮ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಸೇನೆ ಬಿಟ್ಟು ಮೊದಲು ಕೃಷಿ ಮಾಡಿದರು, ಆಮೇಲೆ ಹೆಲಿಕಾಪ್ಟರ್ ಕಂಪನಿ, 2003ರಲ್ಲಿ ಏರ್ ಡೆಕ್ಕನ್. ಸೇನೆಯಿಂದ ವಿಮಾನ ಕಂಪನಿಗೆ ನೇರ ಜಿಗಿತ ಅಲ್ಲ ಅದು, ಮಧ್ಯೆ ವರ್ಷಗಟ್ಟಲೆ ಹೊಲದ ಕೆಲಸ ಇತ್ತು.

ಪ್ರಶ್ನೆ: ಒಂದು ಕಡೆ ಕಲಿತದ್ದು ಇನ್ನೊಂದು ಕಡೆ ಕೆಲಸಕ್ಕೆ ಬರುತ್ತಾ, ಅಥವಾ ಪ್ರತಿ ಸಲ ಸೊನ್ನೆಯಿಂದ ಶುರುವಾ?

ಉತ್ತರ: ಬರುತ್ತದೆ, ಆದರೆ ಪೂರ್ತಿ ಅಲ್ಲ. ಅಮೆರಿಕದ ರಾಬರ್ಟ್ ಮೆಕ್‌ನಮಾರ ಎರಡನೇ ಮಹಾಯುದ್ಧದಲ್ಲಿ ವಾಯುಪಡೆಗೆ ಅಂಕಿಅಂಶದ ಕೆಲಸ ಮಾಡಿದರು. ಅದೇ ವಿದ್ಯೆ ಹಿಡಿದು ಫೋರ್ಡ್ ಕಾರು ಕಂಪನಿ ಸೇರಿ 1960ರಲ್ಲಿ ಅದರ ಅಧ್ಯಕ್ಷರಾದರು. ಕೆಲವೇ ವಾರಗಳಲ್ಲಿ, ಆಗಷ್ಟೇ ಅಮೆರಿಕದ ಅಧ್ಯಕ್ಷ ಚುನಾವಣೆ ಗೆದ್ದಿದ್ದ ಕೆನಡಿ ಕರೆದು ರಕ್ಷಣಾ ಕಾರ್ಯದರ್ಶಿ ಮಾಡಿದರು. ಕಾರು ಕಾರ್ಖಾನೆಯಲ್ಲಿ ಗೆದ್ದ ಲೆಕ್ಕ ವಿಯೆಟ್ನಾಂ ಯುದ್ಧದಲ್ಲಿ ಸೋತಿತು. ಸತ್ತ ಶತ್ರುಗಳನ್ನು ಎಣಿಸಬಹುದಿತ್ತು, ಒಂದು ದೇಶದ ಹಟವನ್ನು ಎಣಿಸಲು ಆಗಲಿಲ್ಲ. ಹೊಸ ಕೆಲಸಕ್ಕೆ ಹೋದಾಗ ಹಳೆಯ ಅಭ್ಯಾಸಗಳಲ್ಲಿ ಯಾವುದು ಅಲ್ಲಿಗೆ ಹೊಂದುವುದಿಲ್ಲ ಅಂತ ಮೊದಲ ವರ್ಷವೇ ಕೇಳಿಕೊಳ್ಳಿ. ಸೇನೆಯಲ್ಲಿ ಆದೇಶ ಕೊಟ್ಟರೆ ಕೆಲಸ ಆಗುತ್ತದೆ. ಸರ್ಕಾರದಲ್ಲಿ ಫೈಲ್ ಓಡಾಡಬೇಕು. ಗ್ರಾಹಕನಿಗಂತೂ ಆದೇಶವೇ ಇಲ್ಲ, ಅಲ್ವಾ?

ಪ್ರಶ್ನೆ: ನಾನು ಕೇಂದ್ರ ಸರ್ಕಾರಿ ನೌಕರ. ಹೆಂಡತಿ ಹೆಸರಿನಲ್ಲಿ ಅಂಗಡಿ ತೆರೆದು ಸಂಜೆ ನಾನೇ ನೋಡಿಕೊಂಡರೆ ತಪ್ಪಾ?

ಉತ್ತರ: ತಪ್ಪೇ. ಕೇಂದ್ರ ನೌಕರರ 1964ರ ನಡತೆ ನಿಯಮಗಳಲ್ಲಿ 15ನೇ ನಿಯಮ ಓದಿ. ಅನುಮತಿ ಇಲ್ಲದೆ ನೇರವಾಗಿಯೂ ಬೇಡ, ಪರೋಕ್ಷವಾಗಿಯೂ ವ್ಯಾಪಾರ ಬೇಡ ಅಂತ ಅಲ್ಲಿದೆ. ಹೆಂಡತಿ ತಾವೇ ನಡೆಸಿದರೆ ಅಡ್ಡಿಯಿಲ್ಲ, ಆದರೆ ಇಲಾಖೆಗೆ ತಿಳಿಸಬೇಕು. ಅವರ ಅಂಗಡಿಗೆ ನೀವು ಗಿರಾಕಿ ಹಿಡಿದು ತಂದರೆ ಅದೂ ನಿಯಮ ಮುರಿದ ಹಾಗೆ. ಸುಮ್ನೆ ಕೆಲಸಕ್ಕೆ ಕುತ್ತು ತಂದುಕೊಳ್ಳಬೇಡಿ.

ಪ್ರಶ್ನೆ: ನನಗೆ 36, ಸ್ವಂತ ಬಿಸಿನೆಸ್ ಇದೆ. ಸಮವಸ್ತ್ರದ ಆಸೆ ಹೋಗಿಲ್ಲ. ಇನ್ನು ಆಗಲ್ವಾ?

ಉತ್ತರ: ಆಗುತ್ತದೆ, ಟೆರಿಟೋರಿಯಲ್ ಆರ್ಮಿ, ಅಂದರೆ ಸ್ವಂತ ದುಡಿಮೆಯ ಜೊತೆಗೇ ಅರೆಕಾಲಿಕವಾಗಿ ಸೇವೆ ಮಾಡುವ ಪಡೆ, ಇರುವುದೇ ನಿಮ್ಮಂಥವರಿಗೆ. 1949ರಿಂದ ಇದೆ. 18ರಿಂದ 42 ವಯಸ್ಸಿನ, ದುಡಿಮೆ ಇರುವ ಪದವೀಧರರು ಅಧಿಕಾರಿಯಾಗಲು ಅರ್ಜಿ ಹಾಕಬಹುದು. ಸಂಪಾದನೆ ಇಲ್ಲದವರನ್ನು ತೆಗೆದುಕೊಳ್ಳುವುದಿಲ್ಲ, ಇದು ನೌಕರಿ ಅಲ್ಲ. ಬರವಣಿಗೆ ಪರೀಕ್ಷೆ, ಸಂದರ್ಶನ, ವೈದ್ಯಕೀಯ ತಪಾಸಣೆ ಎಲ್ಲ ಇವೆ. ಪ್ರತಿವರ್ಷ ತರಬೇತಿಗೆ ವಾರಗಟ್ಟಲೆ ಹೋಗಬೇಕು, ಕರೆ ಬಂದರೆ ಇನ್ನೂ ಜಾಸ್ತಿ. ಆ ದಿನಗಳಲ್ಲಿ ಅಂಗಡಿಯ ಬೀಗದ ಕೈ ಯಾರ ಹತ್ತಿರ ಇರುತ್ತದೆ ಅಂತ ತೀರ್ಮಾನಿಸಿಕೊಂಡು ಅರ್ಜಿ ಹಾಕಿ.