ಅಂಗಳಕ್ಕೆ ಬಂದ ಕಾಳಿಂಗ ಸರ್ಪವನ್ನು ಹಿಡಿಸಿ ದೂರ ಬಿಡಿಸಬೇಕೇ?

ತೀರ್ಥಹಳ್ಳಿಯ ಕಡೆ ಹೊಸದಾಗಿ ಅಡಿಕೆ ತೋಟ ಕೊಂಡಿರುವ ನೀವು ಕೇಳಿರುವುದು ಮೂರು ಪ್ರಶ್ನೆ. ಮಾರ್ಚ್ ತಿಂಗಳಲ್ಲಿ ಎರಡು ಸಲ ಅಂಗಳಕ್ಕೆ ಬಂದ ಕಾಳಿಂಗ ಸರ್ಪ ಎಂದರೆ ದೊಡ್ಡ ನಾಗರಹಾವೇ? ಅದು ಅಟ್ಟಿಸಿಕೊಂಡು ಬಂದು ಕಚ್ಚುತ್ತದೆಯೇ? ಹಾವು ಹಿಡಿಯುವವರನ್ನು ಕರೆಸಿ ದೂರದ ಕಾಡಿಗೆ ಬಿಡಿಸುವುದು ಒಳ್ಳೆಯದೇ? ಕೊನೆಯ ಪ್ರಶ್ನೆಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ: ದಯವಿಟ್ಟು ಬಿಡಿಸಬೇಡಿ. ಯಾಕೆ ಎನ್ನುವುದು ಅರ್ಥವಾಗಬೇಕಾದರೆ ಅದು ನಿಮ್ಮ ಅಂಗಳಕ್ಕೆ ಯಾವ ಕೆಲಸಕ್ಕೆ ಬಂದಿತ್ತು ಎಂಬುದು ಗೊತ್ತಾಗಬೇಕು. ನಮ್ಮ ಮನೆ ಇರುವುದೂ ಆಗುಂಬೆ ಘಟ್ಟದ ಸೆರಗಿನಲ್ಲೇ. ಚಿಕ್ಕಂದಿನಿಂದ ಕಾಳಿಂಗವನ್ನು ನೋಡುತ್ತಲೇ ಬೆಳೆದವನು ನಾನು. ಈ ಹಾವಿನ ಬಗ್ಗೆ ನನಗಿರುವುದು ಭಯಕ್ಕಿಂತ ಹೆಚ್ಚಾಗಿ ಅಭಿಮಾನ.

ಮೊದಲು ಗುರುತಿನ ಮಾತು. ನಾಗರಹಾವು, ಕಾಳಿಂಗ ಎರಡೂ ಹೆಡೆ ಬಿಚ್ಚುತ್ತವೆ, ಎರಡೂ ಒಂದೇ ಕುಟುಂಬದವು. ಕಟ್ಟುಹಾವೂ ಅದೇ ಕುಟುಂಬಕ್ಕೆ ಸೇರಿದ್ದು. ಆದರೆ ನಾಗರಹಾವಿನದು ನಾಜಾ ಕುಲ, ಕಾಳಿಂಗದ್ದು ಓಫಿಯೊಫೇಗಸ್ ಎಂಬ ಬೇರೆಯೇ ಕುಲ. ನಾಗರದ ಹೆಡೆ ಅಗಲ, ಹಿಂಬದಿಯಲ್ಲಿ ಕನ್ನಡಕದಂತಹ ಗುರುತು. ಕಾಳಿಂಗದ ಹೆಡೆ ಕಿರಿದು, ಉದ್ದ, ಆ ಗುರುತು ಇರುವುದಿಲ್ಲ. ತಲೆಯ ಹಿಂಭಾಗದಲ್ಲಿ ಎರಡು ದೊಡ್ಡ ಹುರುಪೆಗಳು ಅಕ್ಕಪಕ್ಕ ಕೂತಿರುತ್ತವೆ, ಅವು ನಾಗರಹಾವಿಗಿಲ್ಲ. ಉದ್ದವಂತೂ ಹೇಳುವುದೇ ಬೇಡ: ನಾಗರಹಾವು ಸಾಮಾನ್ಯವಾಗಿ ಒಂದರಿಂದ ಒಂದೂವರೆ ಮೀಟರ್, ನಮ್ಮ ಕಡೆಯ ಗಂಡು ಕಾಳಿಂಗ ನಾಲ್ಕು ಮೀಟರ್ ಮುಟ್ಟುವುದು ಅಪರೂಪವೇನಲ್ಲ. ಜಗತ್ತಿನ ವಿಷದ ಹಾವುಗಳಲ್ಲಿ ಇದಕ್ಕಿಂತ ಉದ್ದದ್ದು ಇನ್ನೊಂದಿಲ್ಲ. 1836ರಲ್ಲಿ ಕ್ಯಾಂಟರ್ ಎಂಬ ವಿಜ್ಞಾನಿ ಇದನ್ನು ಮೊದಲು ವಿವರಿಸಿದಾಗಿನಿಂದ ಏಷ್ಯಾದ ಕಾಳಿಂಗಗಳೆಲ್ಲ ಒಂದೇ ಪ್ರಭೇದ ಎಂದೇ ಬಹುಮಟ್ಟಿಗೆ ನಂಬಲಾಗಿತ್ತು. 2024ರಲ್ಲಿ ಅದನ್ನು ನಾಲ್ಕು ಪ್ರಭೇದಗಳಾಗಿ ಬೇರ್ಪಡಿಸಿದರು. ಪಶ್ಚಿಮ ಘಟ್ಟದ್ದಕ್ಕೆ ಸಿಕ್ಕ ಹೆಸರು ಓಫಿಯೊಫೇಗಸ್ ಕಾಳಿಂಗ. ಅಂದರೆ ನಿಮ್ಮ ಅಂಗಳಕ್ಕೆ ಬಂದದ್ದು ಈ ಘಟ್ಟದ ಸಾಲನ್ನು ಬಿಟ್ಟರೆ ಬೇರೆಲ್ಲೂ ಇಲ್ಲದ ಜೀವಿ.

ಇನ್ನು ಅದು ಯಾಕೆ ಬಂತು ಎಂಬ ವಿಷಯ. ಕಾಳಿಂಗದ ಊಟವೇ ಹಾವು. ಕೇರೆಹಾವು, ನಾಗರಹಾವು, ಮರದ ಮೇಲಿನ ಗುಳಿಮಂಡಲ, ಕೆಲವೊಮ್ಮೆ ಉಡವನ್ನೂ ಹಿಡಿಯುತ್ತದೆ. ನಿಮ್ಮ ಮನೆಯಲ್ಲಿ ಭತ್ತದ ಚೀಲ, ಅಡಿಕೆ ರಾಶಿ, ಕೊಟ್ಟಿಗೆಯ ಹಿಂಡಿ ಇದ್ದರೆ ಇಲಿ ಇದ್ದೇ ಇರುತ್ತದೆ. ಇಲಿ ಹಿಂದೆ ಕೇರೆಹಾವು ಬರುತ್ತದೆ, ಕೇರೆಯ ಹಿಂದೆ ಕಾಳಿಂಗ. ನಮ್ಮ ಕಟ್ಟಿಗೆ ಕೊಟ್ಟಿಗೆಯಲ್ಲಿ ಒಮ್ಮೆ ಇದನ್ನು ಹತ್ತಿರದಿಂದಲೇ ನೋಡಿದ್ದೇನೆ. ಕೇರೆ ಸೌದೆಯ ಸಂದಿಗೆ ನುಗ್ಗಿ ಮರೆಯಾಗಿತ್ತು. ಕಾಳಿಂಗಕ್ಕೆ ಅವಸರವೇ ಇರಲಿಲ್ಲ. ಸೀಳುನಾಲಗೆಯನ್ನು ಚಾಚಿ, ಒಳಗೆಳೆದು, ಮತ್ತೆ ಚಾಚಿ, ಕೇರೆ ಹರಿದುಹೋದ ದಾರಿಯನ್ನು ಗೇಣು ಗೇಣಾಗಿ ಓದುತ್ತಾ ಹೋಯಿತು. ನಾಲಗೆಗೆ ಅಂಟಿದ ವಾಸನೆಯ ಕಣಗಳನ್ನು ಬಾಯಿಯ ಮೇಲಂಗಳಿನಲ್ಲಿರುವ ಅಂಗಕ್ಕೆ ತಲುಪಿಸಿ ಬೇಟೆ ಎತ್ತ ಹೋಗಿದೆ ಎಂದು ಅದು ತಿಳಿಯುತ್ತದೆ. ಹಿಡಿದ ಮೇಲೆ ನಾಗರದಂತೆ ಅದಕ್ಕೂ ಮಡಚಲಾಗದ ಸಣ್ಣ ವಿಷದ ಹಲ್ಲುಗಳೇ ಇರುವುದರಿಂದ ಕಚ್ಚಿ ಬಿಡುವುದಿಲ್ಲ, ಕಚ್ಚಿ ಹಿಡಿದುಕೊಂಡು ಜಗಿಯುತ್ತದೆ. ಕೇರೆಯ ಒದ್ದಾಟ ನಿಂತ ಮೇಲೆ ತಲೆಯ ಕಡೆಯಿಂದ ನುಂಗಲು ತೊಡಗಿತು. ಕೊನೆಗೆ ಕೇರೆಯ ಬಾಲದ ತುದಿ ಬಾಯಿಯಿಂದ ಹೊರಗೆ ಸ್ವಲ್ಪ ಹೊತ್ತು ನೇತಾಡುತ್ತಿತ್ತು. ಅಷ್ಟು ದೊಡ್ಡ ಊಟವಾದರೆ ಅದು ಎಷ್ಟೋ ದಿನ ಬೇಟೆಗೇ ಹೊರಡುವುದಿಲ್ಲ.

ಆದರೆ ನೀವು ಮಾರ್ಚ್ ಎಂದಿದ್ದೀರಿ. ಹಾಗಾಗಿ ಇನ್ನೊಂದು ಕಾರಣವೂ ಇರಬಹುದು. ಬೇಸಗೆಯ ಆರಂಭ ಅವುಗಳ ಕೂಡುವ ಕಾಲ. ಹೆಣ್ಣು ಹರಿದ ಜಾಡಿನಲ್ಲಿ ವಾಸನೆ ಉಳಿದಿರುತ್ತದೆ, ಅದನ್ನು ಹಿಡಿದು ಗಂಡುಗಳು ಬಹುದೂರ ಬರುತ್ತವೆ. ಒಂದೇ ಹೆಣ್ಣಿಗೆ ಎರಡು ಗಂಡು ಎದುರಾದರೆ ಕುಸ್ತಿ. ಮೈಗೆ ಮೈ ಹೆಣೆದು, ತಲೆ ಎತ್ತಿ, ಎದುರಾಳಿಯ ತಲೆಯನ್ನು ನೆಲಕ್ಕೆ ಒತ್ತಿ ಹಿಡಿಯಬೇಕು, ಅಷ್ಟೇ ಆಟದ ನಿಯಮ. ಇಷ್ಟು ವಿಷವಿಟ್ಟುಕೊಂಡೂ ಈ ಜಗಳದಲ್ಲಿ ಕಚ್ಚುವುದಿಲ್ಲ, ಸೋತದ್ದು ಜಾಗ ಖಾಲಿ ಮಾಡುತ್ತದೆ. ಜನ ಇದನ್ನು ಗಂಡುಹೆಣ್ಣಿನ ಮಿಲನವೆಂದು ತಿಳಿದು ಕೈಮುಗಿಯುವುದುಂಟು. ಎರಡು ಹಾವು ತಲೆ ಎತ್ತಿ ಸೆಣಸುತ್ತಿದ್ದರೆ ಅವು ಎರಡೂ ಗಂಡು ಎಂದು ತಿಳಿಯಿರಿ. ಹೆಣ್ಣಿನ ಪಾಲಿಗೆ ಈ ಕಾಲ ಅಪಾಯದ್ದು. ಬೇರೆ ಗಂಡಿನಿಂದ ಮೊಟ್ಟೆ ಕಟ್ಟಿದ್ದ ಹೆಣ್ಣನ್ನು ಗಂಡು ಕಾಳಿಂಗವೊಂದು ಕೊಂದದ್ದು ಆಗುಂಬೆಯ ಕಾಡಿನಲ್ಲೇ ದಾಖಲಾಗಿದೆ.

ಅಟ್ಟಿಸಿಕೊಂಡು ಬರುವ ಕಥೆಗಳನ್ನು ನೀವು ಈಗಾಗಲೇ ಸಾಕಷ್ಟು ಕೇಳಿರುತ್ತೀರಿ. ನಾನು ನೋಡಿದ ಕಾಳಿಂಗಗಳೆಲ್ಲ ಮನುಷ್ಯನನ್ನು ಕಂಡೊಡನೆ ತಪ್ಪಿಸಿಕೊಳ್ಳಲು ದಾರಿ ಹುಡುಕಿದವೇ. ಕಣ್ಣು ಚುರುಕು, ಹಗಲಿನಲ್ಲೇ ಓಡಾಡುವ ಹಾವು, ನೀವು ಅದನ್ನು ಕಾಣುವ ಮೊದಲೇ ಅದು ನಿಮ್ಮನ್ನು ಕಂಡಿರುತ್ತದೆ. ದಾರಿ ಸಿಗದಿದ್ದಾಗ ಮೈಯ ಮೂರನೇ ಒಂದು ಭಾಗವನ್ನು ನೆಟ್ಟಗೆ ಎತ್ತುತ್ತದೆ. ದೊಡ್ಡ ಗಂಡಾದರೆ ಅದರ ಕಣ್ಣು ನಿಮ್ಮ ಎದೆಮಟ್ಟಕ್ಕೆ ಬರುತ್ತದೆ. ಆಗ ಅದು ಮಾಡುವ ಸದ್ದನ್ನು ಬುಸುಗುಡುವುದು ಎನ್ನಲಾಗದು, ನಾಯಿ ಗಂಟಲಲ್ಲೇ ಗುರುಗುಟ್ಟಿದಂತೆ ಇರುತ್ತದೆ. ಶ್ವಾಸನಾಳಕ್ಕೆ ಅಂಟಿಕೊಂಡಿರುವ ಸಣ್ಣ ಚೀಲಗಳು ಆ ಸದ್ದನ್ನು ತಗ್ಗು ಸ್ವರಕ್ಕೆ ಇಳಿಸುತ್ತವೆ. ಎಷ್ಟೋ ಸಲ ಬಾಯಿ ಮುಚ್ಚಿಕೊಂಡೇ ಮುಂದಕ್ಕೆ ಎರಗಿ ಹೆದರಿಸುತ್ತದೆ. ಅದು ಅಡಗಬೇಕೆಂದಿರುವ ಪೊದೆ ನಿಮ್ಮ ಬೆನ್ನ ಹಿಂದಿದ್ದರೆ ನಿಮ್ಮ ಕಡೆಗೇ ನುಗ್ಗುತ್ತದೆ. ಆಮೇಲೆ ಊರಿನಲ್ಲಿ ಹುಟ್ಟುವ ಕಥೆ ಅಟ್ಟಿಸಿಕೊಂಡು ಬಂತು ಎಂದು. ಪಕ್ಕಕ್ಕೆ ಸರಿದು ದಾರಿ ಕೊಟ್ಟರೆ ಸಾಕು. ಗೂಡು ಕಾಯುತ್ತಿರುವ ಹೆಣ್ಣಿನ ವಿಷಯ ಮಾತ್ರ ಬೇರೆ, ಅದರ ಹತ್ತಿರ ಸುಳಿಯಲೇಬಾರದು.

ಭಯ ಪಡಬೇಕಾದ ವಿಷಯವನ್ನು ಮುಚ್ಚಿಡುವುದಿಲ್ಲ. ಹನಿಗೆ ಹನಿ ಹೋಲಿಸಿದರೆ ಇದರ ವಿಷ ನಾಗರಹಾವಿನದಕ್ಕಿಂತ ಸೌಮ್ಯ, ಆದರೆ ಒಂದು ಕಡಿತದಲ್ಲಿ ಇಳಿಯುವ ಪ್ರಮಾಣ ಬಹಳ ಹೆಚ್ಚು. ನರಗಳ ಮೇಲೆ ಕೆಲಸ ಮಾಡಿ ಉಸಿರಾಟದ ಸ್ನಾಯುಗಳನ್ನು ನಿಲ್ಲಿಸುತ್ತದೆ. ನಮ್ಮ ದೇಶದ ಆಸ್ಪತ್ರೆಗಳಲ್ಲಿ ಸಿಗುವ ವಿಷನಿವಾರಕ ಚುಚ್ಚುಮದ್ದು ತಯಾರಾಗುವುದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷದಿಂದ. ಕಾಳಿಂಗದ ವಿಷ ಅದರಲ್ಲಿ ಸೇರಿಲ್ಲ. ಆದ್ದರಿಂದ ಕಚ್ಚಿದರೆ ಕಟ್ಟು ಬಿಗಿಯುವುದು, ಗಾಯ ಕೊಯ್ಯುವುದು, ನಾಟಿ ಔಷಧ ಎಂದು ಗಳಿಗೆ ಕಳೆಯಬೇಡಿ. ಕಚ್ಚಿದ ಅಂಗವನ್ನು ಅಲುಗಾಡಿಸದೆ, ವೆಂಟಿಲೇಟರ್ ಇರುವ ಆಸ್ಪತ್ರೆಗೆ ನೇರ ಹೋಗಬೇಕು. ಮಲೆನಾಡಿನಲ್ಲಿ ಕಾಳಿಂಗ ಕಚ್ಚಿದ ಪ್ರಕರಣಗಳು ತೀರಾ ವಿರಳ, ಅವುಗಳಲ್ಲಿ ಹೆಚ್ಚಿನವು ಹಾವನ್ನು ಹಿಡಿಯಲು, ಪ್ರದರ್ಶನ ಮಾಡಲು ಹೋದಾಗ ಆದಂಥವು.

ಈಗ ಹಿಡಿಸಿ ಬಿಡುವ ಮಾತಿಗೆ ಬರುತ್ತೇನೆ. ಹಾವುಗಳ ತಜ್ಞ ರೊಮುಲಸ್ ವಿಟೇಕರ್ ಅವರು 2005ರಲ್ಲಿ ಆಗುಂಬೆಯಲ್ಲಿ ಸ್ಥಾಪಿಸಿದ ಮಳೆಕಾಡು ಸಂಶೋಧನಾ ಕೇಂದ್ರದವರು 2008ರಲ್ಲಿ ಕಾಳಿಂಗಗಳ ಮೈಯೊಳಗೆ ಪುಟ್ಟ ರೇಡಿಯೊ ಯಂತ್ರ ಇರಿಸಿ, ಅವುಗಳ ಹಿಂದೆ ಕಾಡೆಲ್ಲ ತಿರುಗುವ ಕೆಲಸ ಆರಂಭಿಸಿದರು. ತನ್ನ ಜಾಗದಲ್ಲೇ ಉಳಿದ ಹಾವಿಗೆ ಎಲ್ಲಿ ಬಿಲ, ಎಲ್ಲಿ ಹಳ್ಳ, ಎಲ್ಲಿ ಬೇಟೆ ಎಂಬುದು ಗೊತ್ತಿರುತ್ತದೆ, ಅದೇ ವಲಯದಲ್ಲಿ ಓಡಾಡಿಕೊಂಡಿರುತ್ತದೆ. ಒಯ್ದು ದೂರ ಬಿಟ್ಟ ಹಾವು ಅದಕ್ಕಿಂತ ಹೆಚ್ಚು ಅಲೆಯಿತು. ಹಾಗೆ ಅಲೆಯುವ ಹಾವು ರಸ್ತೆ ದಾಟುತ್ತದೆ, ಬೇರೆಯವರ ಮನೆಗಳಿಗೆ ಹೋಗುತ್ತದೆ, ಬೇರೆ ಗಂಡಿನ ಜಾಗಕ್ಕೆ ನುಗ್ಗುತ್ತದೆ. ನಿಮ್ಮ ಅಂಗಳದ ಸಮಸ್ಯೆ ಮುಗಿಯಿತು ಎಂದು ನಿಮಗೆ ಅನ್ನಿಸಬಹುದು, ಅದು ಇನ್ನೊಬ್ಬರ ಅಂಗಳಕ್ಕೆ ಹೋಗಿದೆ ಅಷ್ಟೇ. ಹಾವು ಅಂಗಳ ಅಥವಾ ತೋಟದಲ್ಲಿದ್ದರೆ ನಾಯಿಯನ್ನು ಕಟ್ಟಿ, ಮಕ್ಕಳನ್ನು ಒಳಗೆ ಕರೆದು, ದೂರದಿಂದ ಗಮನಿಸುತ್ತಾ ಇರಿ, ಹೋಗುತ್ತದೆ. ಅಡುಗೆಮನೆ, ಬಚ್ಚಲು ಸೇರಿಕೊಂಡು ಹೊರಡದೇ ಇದ್ದರೆ ಅರಣ್ಯ ಇಲಾಖೆಗೆ ತಿಳಿಸಿ, ತರಬೇತಿ ಇರುವವರನ್ನು ಕರೆಸಿ, ನಿಮ್ಮ ತೋಟದ ಪಕ್ಕದ ಕಾಡಿನಲ್ಲೇ ಬಿಡಲು ಹೇಳಿ. ಹಿಡಿದವರು ಊರವರ ಮುಂದೆ ಬಾಲ ಹಿಡಿದು ಎತ್ತಿ ಆಡಿಸುವುದಕ್ಕೆ ಮಾತ್ರ ಅವಕಾಶ ಕೊಡಬೇಡಿ. ಅದನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ.

ಹಿಡಿಸಬೇಡಿ ಎನ್ನುವುದಕ್ಕೆ ನನ್ನ ದೊಡ್ಡ ಕಾರಣ ಇನ್ನೂ ಹೇಳಿಲ್ಲ. ನಿಮ್ಮ ಅಂಗಳ ದಾಟಿದ್ದು ಹೆಣ್ಣಾಗಿದ್ದರೆ ಏಪ್ರಿಲ್ ಅಥವಾ ಮೇ ಹೊತ್ತಿಗೆ ಅದು ಗೂಡು ಕಟ್ಟುತ್ತದೆ. ಹೀಗೆ ಎಲೆ ಕೂಡಿಸಿ ಗೂಡು ಕಟ್ಟುವ ಹಾವು ಪ್ರಪಂಚದಲ್ಲಿ ಇದೊಂದೇ. ಬಿದಿರು ಮೆಳೆಯ ಬುಡವೋ, ಮರದ ಬೇರಿನ ಪಕ್ಕವೋ, ನೀರು ನಿಲ್ಲದ ಇಳಿಜಾರು ನೋಡಿಕೊಳ್ಳುತ್ತದೆ. ಕೈಯಿಲ್ಲ, ಕೊಕ್ಕಿಲ್ಲ. ಮೈಯನ್ನೇ ಕುಡಗೋಲಿನಂತೆ ಬಾಗಿಸಿ ಸುತ್ತಲಿನ ತರಗೆಲೆಗಳನ್ನು ಎಳೆದು ತಂದು ರಾಶಿ ಮಾಡುತ್ತದೆ. ಅದರ ಮೇಲೆ ಸುತ್ತಿ ಸುತ್ತಿ ಒತ್ತುತ್ತದೆ, ಒಳಗೆ ತಿರುಗಿ ಮೊಟ್ಟೆಗೆ ಜಾಗ ಮಾಡುತ್ತದೆ, ಮೊಟ್ಟೆ ಇಟ್ಟು ಮೇಲೆ ಮತ್ತೆ ಎಲೆ ಮುಚ್ಚುತ್ತದೆ. ಎಲೆಗಳ ಒತ್ತಡ ಹೇಗಿರುತ್ತದೆಂದರೆ ಹೊರಗೆ ಜಡಿಮಳೆ ಹೊಡೆದರೂ ಒಳಗಿನ ಮೊಟ್ಟೆಗಳು ನೆನೆಯುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿನಷ್ಟು ಮಳೆ ಬೀಳುತ್ತದೆ, ಆ ಮಳೆಯ ಬಹುಪಾಲು ಸುರಿಯುವುದು ಮೊಟ್ಟೆ ಗೂಡಿನಲ್ಲಿರುವಾಗಲೇ. ಕೊಳೆಯುವ ಎಲೆಯೇ ಒಳಗೆ ಬೆಚ್ಚಗೆ ಇಡುತ್ತದೆ. ಇಪ್ಪತ್ತು ಮೂವತ್ತು ಮೊಟ್ಟೆಗಳ ಮೇಲೆ ತಾಯಿ ಸುರುಳಿ ಸುತ್ತಿ ವಾರಗಟ್ಟಲೆ ಹಸಿದು ಕಾವಲು ಕೂರುತ್ತದೆ, ಮರಿ ಹೊರಬರುವ ಮೊದಲು ಗೂಡು ಬಿಟ್ಟು ಹೋಗುತ್ತದೆ. ಮೂರು ತಿಂಗಳಷ್ಟಾದ ಮೇಲೆ, ಜುಲೈ ಆಗಸ್ಟ್ ಮಳೆಯಲ್ಲಿ, ಮರಿಗಳು ತಾವೇ ಮೊಟ್ಟೆ ಸೀಳಿ ಹೊರಬರುತ್ತವೆ.

ತೋಟ ಮಾಡುವ ನಾವು ತೊಂದರೆ ಕೊಡುವುದು ಇಲ್ಲಿಯೇ. ಕೊಟ್ಟಿಗೆಗೆ ಹಾಸಲು, ತೋಟಕ್ಕೆ ಹಾಕಲು ಸೊಪ್ಪಿನ ಬೆಟ್ಟದಿಂದ ಒಣಗಿದೆಲೆ ಗುಡಿಸಿ ತರುತ್ತೇವೆ. ಕಾಳಿಂಗಕ್ಕೂ ಬೇಕಾಗಿರುವುದು ಅದೇ ಎಲೆ. ಗುಡಿಸುವ ಕೆಲಸವನ್ನು ಮಾರ್ಚ್ ಒಳಗೆ ಮುಗಿಸಿ, ಬಿದಿರು ಮೆಳೆಯ ಸುತ್ತ ಒಂದಷ್ಟು ಹಾಗೇ ಬಿಡಿ, ಬೆಟ್ಟಕ್ಕೆ ಬೆಂಕಿ ಕೊಡಬೇಡಿ. ಮೇ ತಿಂಗಳಲ್ಲಿ ಗಾಳಿಗೆ ಬಿದ್ದಂತೆ ತೋರದ, ಯಾರೋ ಕೂಡಿಹಾಕಿ ಒತ್ತಿದಂತಿರುವ ಎಲೆಯ ದಿಬ್ಬ ಕಂಡರೆ ಕೋಲು ಹಾಕಿ ಕೆದಕದೆ ಹಿಂದೆ ಸರಿಯಿರಿ, ಆಳುಗಳಿಗೂ ತಿಳಿಸಿ. ಅರಣ್ಯ ಇಲಾಖೆಗೆ ಹೇಳಿದರೆ ಗೂಡನ್ನು ಅಲುಗಿಸದೆ ಅಲ್ಲೇ ಕಾಯುವ ವ್ಯವಸ್ಥೆ ಮಾಡಿಸಬಹುದು.

ಮಳೆಗಾಲದಲ್ಲಿ ಮರಿ ಮನೆಯ ಹತ್ತಿರ ಬಂದರೆ ಕಟ್ಟುಹಾವೆಂದು ಹೊಡೆಯುವವರೇ ಹೆಚ್ಚು. ಮರಿ ಅರ್ಧ ಮೀಟರಿನಷ್ಟು ಉದ್ದ, ಕಡುಕಪ್ಪು ಮೈಗೆ ಹಳದಿ ಅಥವಾ ಬೆಳ್ಳಗಿನ ಪಟ್ಟೆ. ಕಾಳಿಂಗದ ಮರಿಗೆ ತಲೆಯ ಮೇಲೂ ಪಟ್ಟೆಗಳಿರುತ್ತವೆ, ಹಗಲಿನಲ್ಲಿ ಓಡಾಡುತ್ತದೆ, ಕೆಣಕಿದರೆ ಹೆಡೆ ಬಿಚ್ಚುತ್ತದೆ. ಕಟ್ಟುಹಾವು ಕತ್ತಲಾದ ಮೇಲೆ ಹೊರಡುವುದು, ಅದಕ್ಕೆ ಹೆಡೆ ಇಲ್ಲ. ಕಾಳಿಂಗದ ಮರಿಗೂ ಹುಟ್ಟಿದಂದಿನಿಂದಲೇ ವಿಷವಿರುವುದರಿಂದ ಯಾವುದೆಂದು ಗೊತ್ತಾದರೂ ಮುಟ್ಟಲು ಹೋಗಬೇಡಿ. ಮನೆಯೊಳಗೇ ಬಂದಿದ್ದರೆ ಹೊರಬಾಗಿಲು ತೆರೆದಿಟ್ಟು, ಒಳಕೋಣೆಯ ಬಾಗಿಲು ಹಾಕಿ, ಸಂದಿಗೆ ಗೋಣಿಚೀಲ ತುರುಕಿ. ನಿಮ್ಮ ತೋಟದಲ್ಲಿ ಗೂಡು ಕಂಡರೆ ಜಾಗ ಯಾವುದೆಂದು ಹೇಳದೆ ಇಲ್ಲಿ ಬರೆಯಿರಿ, ಮುಂದೇನು ಮಾಡಬೇಕೆಂದು ನನಗೆ ತಿಳಿದಷ್ಟು ಹೇಳುತ್ತೇನೆ.