ವಾರದೊಳಗೆ ತಿಳಿಸುತ್ತೇವೆ ಅಂದವರು ಹದಿನಾರು ದಿನವಾದರೂ ಸುಮ್ಮನಿದ್ದಾರೆ

ಪ್ರಶ್ನೆ: ನನಗೆ 24 ವರ್ಷ. ಬದಿಯಡ್ಕದ ಹತ್ತಿರ ಊರು. ಬಿ.ಕಾಂ. ಆಗಿದೆ, ಟ್ಯಾಲಿ ಕಲಿತಿದ್ದೇನೆ. ಈ ತಿಂಗಳ 1ನೇ ತಾರೀಕು ಮಂಗಳೂರಿನ ಒಂದು ಕಂಪೆನಿಯಲ್ಲಿ ಅಕೌಂಟ್ಸ್ ಕೆಲಸಕ್ಕೆ ಇಂಟರ್‌ವ್ಯೂ ಆಯಿತು. ಎಲ್ಲ ಚೆನ್ನಾಗಿಯೇ ಹೋಯಿತು. "ದಿನಾ ಕಾಸರಗೋಡಿನಿಂದ ಬರ್ತೀರಾ?" ಅಂತ ಕೇಳಿದಾಗ ಮಾತ್ರ "ನೋಡ್ಬೇಕು ಸರ್" ಅಂದುಬಿಟ್ಟೆ. ಒಂದು ವಾರದೊಳಗೆ ತಿಳಿಸುತ್ತೇವೆ ಅಂದಿದ್ದರು. ಇವತ್ತು 17. ಮೂರನೇ ದಿನ ಎಚ್.ಆರ್. ಮೇಡಂಗೆ ವಾಟ್ಸಾಪಿನಲ್ಲಿ "ರಿಸಲ್ಟ್ ಎಂತಾಯ್ತು ಮೇಡಂ?" ಅಂತ ಹಾಕಿದ್ದೆ; ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ. ಇನ್ನೊಮ್ಮೆ ಕೇಳುತ್ತೇನೆ ಅಂದರೆ ಅಪ್ಪ, "ಕೆಲಸ ಬೇಡಿಕೊಂಡು ತಿರುಗುವ ಗತಿ ನಮಗೆ ಬಂದಿಲ್ಲ" ಅನ್ನುತ್ತಾರೆ. ಸೋದರಮಾವನಿಗೆ ಆ ಕಂಪೆನಿಯ ಮ್ಯಾನೇಜರರ ಪರಿಚಯ ಉಂಟು, ಒಂದು ಮಾತು ಹೇಳಲಾ ಅಂತ ಕೇಳುತ್ತಿದ್ದಾರೆ. ಈ ನಡುವೆ ಕಾಸರಗೋಡಿನ ಆಡಿಟರೊಬ್ಬರು ಕೆಲಸಕ್ಕೆ ಕರೆದಿದ್ದಾರೆ. ಸಂಬಳ ಕಡಿಮೆ, 28ರೊಳಗೆ ಹೇಳಬೇಕು. ಮನೆಯೊಳಗೆ ರೇಂಜ್ ಸರಿಯಿಲ್ಲ, ಅವರು ಕರೆ ಮಾಡಿ ಸಿಗದೆ ಹೋಯಿತೋ ಎಂಬ ಹೆದರಿಕೆಯೂ ಇದೆ. ಏನು ಮಾಡಲಿ?

ಉತ್ತರ: ಮೊದಲು ನಿಮ್ಮ ಅಪ್ಪನ ಮಾತಿಗೆ ಬರುತ್ತೇನೆ. ನಿಮ್ಮ ಮನೆಯಲ್ಲಿ ಅಡಕೆ ಇದೆಯೋ ಇಲ್ಲವೋ ಬರೆದಿಲ್ಲ, ಬದಿಯಡ್ಕದ ಕಡೆ ಅಂದಮೇಲೆ ಇದೆ ಅಂದುಕೊಳ್ಳುತ್ತೇನೆ. ವ್ಯಾಪಾರಿ ಅಡಕೆ ಒಯ್ದು "ದುಡ್ಡು ಒಂದು ವಾರದಲ್ಲಿ" ಅಂದು ಹದಿನಾರು ದಿನ ಮುಖ ತೋರಿಸದಿದ್ದರೆ ಅಪ್ಪ ಸುಮ್ಮನಿರುತ್ತಾರಾ? ಫೋನ್ ಮಾಡಿ "ಎಂತ ಮಾರಾಯ್ರೆ, ವಾರ ಅಂದಿದ್ರಲ್ಲ" ಅನ್ನುತ್ತಾರೆ. ಅದನ್ನು ಯಾರೂ ಭಿಕ್ಷೆ ಅನ್ನುವುದಿಲ್ಲ. ವಾರದ ಗಡುವು ಹಾಕಿದ್ದು ಕಂಪೆನಿಯವರು, ಅದು 8ನೇ ತಾರೀಕಿಗೇ ಮುಗಿದಿದೆ. ಕೇಳುವ ಹಕ್ಕು ನಿಮಗೆ 9ರಿಂದಲೇ ಇದೆ. ಮೂರನೇ ದಿನ ಇರಲಿಲ್ಲ. ಆ ವಾಟ್ಸಾಪ್ ಸ್ವಲ್ಪ ಅವಸರವಾಯಿತು. ಆದರೆ ಅದರಿಂದ ಕೆಲಸ ತಪ್ಪಿರಲಿಕ್ಕಿಲ್ಲ, ಅದನ್ನೇ ನೆನೆದು ನಿದ್ದೆಗೆಡಬೇಡಿ.

ಅಪ್ಪನಿಗೆ ಕೇರಳದ ಸರಕಾರಿ ಕೆಲಸದ ಪಿ.ಎಸ್.ಸಿ. ಪರೀಕ್ಷೆಯ ಲೋಕ ಗೊತ್ತಿರಬೇಕು. ಅಲ್ಲಿ ರ‍್ಯಾಂಕ್ ಲಿಸ್ಟ್ ಪ್ರಕಟವಾಗುತ್ತದೆ, ಅದಕ್ಕೆ ಕನಿಷ್ಠ ಒಂದು ವರ್ಷ, ಹೆಚ್ಚೆಂದರೆ ಮೂರು ವರ್ಷ ಆಯುಸ್ಸು, ನಂಬರು ಬಂದರೆ ಅಡ್ವೈಸ್ ಮೆಮೊ, ಅಂದರೆ ನೇಮಕದ ಶಿಫಾರಸು ಪತ್ರ, ಬರುತ್ತದೆ. ಕಾಯುವುದೇ ಅಲ್ಲಿಯ ಕ್ರಮ. ಖಾಸಗಿ ಕಂಪೆನಿಯ ಪಟ್ಟಿ ಇರುವುದು ಒಬ್ಬರ ತಲೆಯೊಳಗೆ, ಅಥವಾ ಒಂದು ಮೇಜಿನ ಮೇಲೆ. ಮೊದಲು ಆರಿಸಿದವರು ಇನ್ನೂ ಹೂಂ ಅಂದಿರುವುದಿಲ್ಲ. ಸಹಿ ಹಾಕಬೇಕಾದ ಧಣಿ ಗಲ್ಫಿನಲ್ಲಿ ಇರುತ್ತಾರೆ. ಎರಡನೆಯವರನ್ನು ಬೇಡ ಅನ್ನಲು ಮನಸ್ಸಾಗದೆ ಹಾಗೆಯೇ ಇಟ್ಟುಕೊಂಡಿರುತ್ತಾರೆ. ನೀವು ಆ ಎರಡನೆಯವರಾಗಿರಬಹುದು. ಹಾಗಿದ್ದರೆ ನಿಮ್ಮ ಒಂದು ಮೇಲ್‌ಗೆ ಬೆಲೆ ಇದೆ.

ಹೀಗೆ ಹೇಳಲು ಕಾರಣವಿದೆ. ನಾನು ಕೆಲವು ವರ್ಷ ಒಂದು ಕಚೇರಿಯಲ್ಲಿ ಅರ್ಜಿಗಳ ಫೈಲು ನೋಡಿಕೊಳ್ಳುತ್ತಿದ್ದೆ. ಕಾಸರಗೋಡಿನ ಹುಡುಗಿಯೊಬ್ಬಳ ಅರ್ಜಿಯ ಮೂಲೆಯಲ್ಲಿ ನಮ್ಮ ಮೇಲಿನವರು ಪೆನ್ಸಿಲಿನಲ್ಲಿ "ದೂರ?" ಅಂತ ಬರೆದಿಟ್ಟಿದ್ದರು. ಅಷ್ಟೇ. ಅಂಕ ಚೆನ್ನಾಗಿತ್ತು, ಮಾತು ಚೆನ್ನಾಗಿತ್ತು. ಆ ಪ್ರಶ್ನಾರ್ಥಕ ಚಿಹ್ನೆಗೆ ಉತ್ತರ ಕೊಡುವವರಿಲ್ಲದೆ ಫೈಲು ಎರಡು ತಿಂಗಳು ಕ್ಯಾಲೆಂಡರಿನ ಅಡಿಯಲ್ಲಿತ್ತು. ನಾನಾದರೂ ಫೋನ್ ಮಾಡಿ ಕೇಳಬಹುದಿತ್ತು, ಕೇಳಲಿಲ್ಲ. ನಿಮ್ಮ "ನೋಡ್ಬೇಕು ಸರ್" ಓದಿದ ಕೂಡಲೇ ಆ ಪೆನ್ಸಿಲ್ ಗುರುತು ಕಣ್ಣೆದುರು ಬಂತು.

ಮಂಗಳೂರಿನವರು ಆ ಪ್ರಶ್ನೆ ಕೇಳುವುದು ಬರೀ ದೂರದ ಲೆಕ್ಕದಲ್ಲಿ ಅಲ್ಲ. 2020ರ ಮಾರ್ಚಿನಲ್ಲಿ ಕೋವಿಡ್ ಅಂತ ತಲಪಾಡಿಯಲ್ಲಿ ಕೇರಳದ ಗಡಿ ಮುಚ್ಚಿ, ಒಳರಸ್ತೆಗಳಿಗೆ ಮಣ್ಣು ಸುರಿದು, ಈಚೆಯವರು ಈಚೆಗೇ ಉಳಿದದ್ದು ಅವರಿಗೂ ನೆನಪಿದೆ. ಆದ್ದರಿಂದ ಸಂದರ್ಶನದಲ್ಲಿ ಬಾಕಿ ಉಳಿದ ಉತ್ತರವನ್ನು ಈಗ ಪೂರ್ತಿ ಮಾಡಿ. ಬರೆಯುವ ಮೊದಲು ಮನೆಯಲ್ಲಿ ಕೂತು ನಿಜವಾಗಿ ತೀರ್ಮಾನಿಸಿ: ಕುಂಬಳೆವರೆಗೆ ಬಸ್ಸು, ಅಲ್ಲಿಂದ ಸೀಸನ್ ಟಿಕೆಟಿನಲ್ಲಿ ರೈಲೋ, ಅಥವಾ ಮಂಗಳೂರಿನಲ್ಲಿ ಪಿ.ಜಿ.ಯೋ? ಸಂಜೆ ಕುಂಬಳೆಯಲ್ಲಿ ಇಳಿದಮೇಲೆ ನಿಮ್ಮ ಊರಿನ ಕಡೆಗೆ ಬಸ್ಸು ಸಿಗುತ್ತದೋ ಎಂಬುದನ್ನೂ ನೋಡಿಕೊಳ್ಳಿ. ಬೆಳಗ್ಗೆ ಹೋಗುವುದು ಎಲ್ಲರಿಗೂ ಆಗುತ್ತದೆ, ಕಷ್ಟ ಇರುವುದು ಬರುವಾಗ.

ಈ ಸಲ ವಾಟ್ಸಾಪ್ ಬೇಡ, ಮೇಲ್ ಮಾಡಿ. ಅವರ ಜೊತೆ ಇಂಗ್ಲಿಷಿನಲ್ಲಿ ವ್ಯವಹರಿಸಿದ್ದರೆ ಇಂಗ್ಲಿಷಿನಲ್ಲೇ ಬರೆಯಿರಿ, ಒಳಗಿನ ಮಾತು ಇಷ್ಟು ಇರಲಿ:

"1ನೇ ತಾರೀಕು ಅಕೌಂಟ್ಸ್ ಹುದ್ದೆಯ ಸಂದರ್ಶನಕ್ಕೆ ಬಂದಿದ್ದೆ. ನಿರ್ಧಾರ ಆಗಿದೆಯೇ ಎಂದು ತಿಳಿಯಲು ಬರೆಯುತ್ತಿದ್ದೇನೆ. ದಿನವೂ ಬರುವ ಬಗ್ಗೆ ಅಂದು ಖಚಿತವಾಗಿ ಹೇಳಿರಲಿಲ್ಲ. ಈಗ ವ್ಯವಸ್ಥೆ ಮಾಡಿಕೊಂಡಿದ್ದೇನೆ, ಕಚೇರಿ ಸಮಯಕ್ಕೆ ಬರಬಲ್ಲೆ. ಕನ್ನಡ, ತುಳು, ಮಲಯಾಳಂ ಮೂರರಲ್ಲೂ ವ್ಯವಹರಿಸುತ್ತೇನೆ. ಇನ್ನೊಂದು ಕಡೆ 28ರೊಳಗೆ ಉತ್ತರ ಕೊಡಬೇಕಿದೆ, ಅದಕ್ಕೆ ಮೊದಲು ತಿಳಿಸಿದರೆ ಉಪಕಾರವಾಗುತ್ತದೆ."

ಮಲಯಾಳಂ ವಿಷಯ ನಾನಾಗಿ ಸೇರಿಸಿದ್ದು. ನಮ್ಮ ಕಡೆಯವರು ಇದನ್ನು ರೆಸ್ಯೂಮೆಯ ಕೊನೆಯ ಸಾಲಿನಲ್ಲಿ ಹವ್ಯಾಸದ ಹಾಗೆ ಹಾಕಿ ಬಿಡುತ್ತೇವೆ. ಗಡಿಯ ಈಚೆಗೆ ಗಿರಾಕಿಗಳಿರುವ ಮಂಗಳೂರಿನ ಕಂಪೆನಿಗೆ, ಬಾಕಿ ವಸೂಲಿಗೆ ಮಲಯಾಳಂನಲ್ಲಿ ಫೋನ್ ಮಾಡಬಲ್ಲ ಅಕೌಂಟೆಂಟ್ ಬೇಕೇ ಬೇಕು. 28ರ ಮಾತು ಇರುವ ಸಂಗತಿ, ಹೇಳಲು ಸಂಕೋಚ ಬೇಡ. ಆದರೆ ಆಡಿಟರ್ ಎಷ್ಟು ಕೊಡುತ್ತಾರೆ ಎಂದು ಬರೆಯಬೇಡಿ.

ಇವತ್ತೇ ಕಳಿಸಬೇಡಿ. ಬಿ.ಕಾಂ. ಓದಿದ ನಿಮಗೆ ಹೇಳಬೇಕಾಗಿಲ್ಲ, 20 ತಿಂಗಳ ಜಿ.ಎಸ್.ಟಿ. ರಿಟರ್ನ್ (3ಬಿ) ಸಲ್ಲಿಸುವ ಕೊನೆಯ ದಿನ. ಅಕೌಂಟ್ಸ್ ವಿಭಾಗದ ಮುಖ್ಯಸ್ಥರಿಗೆ 18, 19ರಂದು ಊಟಕ್ಕೂ ಪುರುಸೊತ್ತು ಇರುವುದಿಲ್ಲ. 21 ಅಥವಾ 22ಕ್ಕೆ ಬೆಳಗ್ಗೆ ಹತ್ತೂವರೆಯ ಹೊತ್ತಿಗೆ ಕಳಿಸಿ, ಭಾನುವಾರವಾದರೆ ಮರುದಿನ. ನಾಲ್ಕು ದಿನ ನೋಡಿ, ಆಮೇಲೆ ಒಂದು ಸಲ ಕಚೇರಿಯ ನಂಬರಿಗೆ ಫೋನ್ ಮಾಡಿ. "ಆಯ್ಕೆ ಮುಗಿದಿದೆಯಾ ಮೇಡಂ?" ಅಂತ ಕೇಳಿದರೆ ಸಾಕು, ಯಾಕೆ ತಡ ಅಂತ ಕೇಳಬೇಡಿ. ಮೂರನೆಯ ಸಲ ಬೇಡವೇ ಬೇಡ.

ಮಾವನಿಗೆ "ಈಗ ಬೇಡ ಮಾವ, ನಾನೇ ಬರೆದಿದ್ದೇನೆ" ಅನ್ನಿ. ಮಾವ ಮಾತಾಡುವುದು ಪಾಪ ಅಂತ ನಾನು ಹೇಳುವುದಿಲ್ಲ, ನಮ್ಮ ಊರಿನಲ್ಲಿ ಎಷ್ಟೋ ಕೆಲಸ ಹಾಗೆಯೇ ಸಿಕ್ಕಿದೆ. ಆದರೆ ನಿಮ್ಮ ಮೇಲ್ ತೆರೆಯುವ ಮೊದಲೇ ಮಾವನ ಫೋನು ಹೋದರೆ, ನಾಳೆ ಸೇರಿದಮೇಲೂ ಆ ಆಫೀಸಿನಲ್ಲಿ ನೀವು "ಅವರ ಸೊಸೆ" ಆಗಿಯೇ ಉಳಿಯುತ್ತೀರಿ.

28ಕ್ಕೂ ಉತ್ತರ ಬಾರದಿದ್ದರೆ ಆಡಿಟರಿಗೆ ಹೂಂ ಅನ್ನಿ. ಆಡಿಟರ್ ಕಚೇರಿಯಲ್ಲಿ ಒಂದು ವರ್ಷದಲ್ಲಿ ಹತ್ತು ಅಂಗಡಿಗಳ ಪುಸ್ತಕ ಕೈಗೆ ಬರುತ್ತದೆ, ಅದು ಸಣ್ಣ ಕಲಿಕೆಯಲ್ಲ. ಸೇರಿದ ಮೇಲೆ ಮಂಗಳೂರಿನವರು ಕರೆದರೆ ಆಗ ಯೋಚಿಸಿದರಾಯಿತು; ಹೋಗುವುದಾದರೆ ಆಡಿಟರಿಗೆ ಸರಿಯಾಗಿ ನೋಟಿಸ್ ಕೊಟ್ಟು ಹೋಗಿ.

ಇನ್ನು ರೇಂಜ್. ರೆಸ್ಯೂಮೆಯ ಪ್ರತಿ ತೆಗೆದು ಫೋನ್ ನಂಬರಿನ ಹತ್ತೂ ಅಂಕಿ ಬೆರಳಿಟ್ಟು ಓದಿ, ಮೇಲ್‌ನ ಸ್ಪ್ಯಾಮ್ ಫೋಲ್ಡರನ್ನೂ ನೋಡಿ. ಮೇಲ್‌ನ ಅಡಿಯಲ್ಲಿ ಎರಡನೆಯ ನಂಬರು ಬರೆಯಿರಿ, ಮನೆಯಲ್ಲಿ ಲ್ಯಾಂಡ್‌ಲೈನ್ ಇದ್ದರೆ ಅದೇ ಒಳ್ಳೆಯದು. ಆ ನಾಲ್ಕು ದಿನ ಹಗಲು ಹೊತ್ತು ಫೋನು ಹಿಡಿದುಕೊಂಡು ಅಂಗಳದಲ್ಲಿ ರೇಂಜ್ ಸಿಗುವ ಮೂಲೆಯಲ್ಲೇ ಇರಿ. ಹೇಗೂ ಕೂತಿರುತ್ತೀರಲ್ಲ, ಅಮ್ಮ ನಾಲ್ಕು ಅಡಕೆ ಸುಲಿ ಅಂದರೆ ಸುಲಿಯಿರಿ.